ದಸರಾ ರಜೆಗೆ ವಿಯೆಟ್ನಾಂ: ಮೊದಲು ಮಳೆ ನೋಡಿ, ಆಮೇಲೆ ಟಿಕೆಟ್ ಮಾಡಿಸಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರವಾದಂತೆ ಮೈಸೂರು, ಮಂಡ್ಯದ ಟ್ರಾವೆಲ್ಸ್ ಅಂಗಡಿಗಳ ಮುಂದೆ ವಿಯೆಟ್ನಾಂ ಪ್ಯಾಕೇಜಿನ ಬೋರ್ಡುಗಳು ಕಾಣಿಸಿಕೊಳ್ಳುತ್ತವೆ. ಹನೋಯ್, ಹಾಲಾಂಗ್ ಬೇ, ಡಾ ನಾಂಗ್, ಹೋಯ್ ಆನ್, ಹೋ ಚಿ ಮಿನ್ ಸಿಟಿ, ಎಲ್ಲವೂ ಏಳೇ ರಾತ್ರಿಯಲ್ಲಿ. ಬೋರ್ಡಿನ ಮೇಲೆ ದರ ಇರುತ್ತದೆ, ಯಾವ ತಿಂಗಳಿಗೆ ಯಾವ ಊರು ಎಂಬುದು ಇರುವುದಿಲ್ಲ. ಅಕ್ಟೋಬರಿನಲ್ಲಿ ಈ ಪಟ್ಟಿ ಹಿಡಿದು ಹೊರಟರೆ ನಡುವಿನ ಎರಡು ಮೂರು ದಿನ ಹೋಟೆಲ್ ಕಿಟಕಿಯಿಂದ ಮಳೆ ನೋಡಿಕೊಂಡು ಕೂರಬೇಕಾದೀತು. ವರ್ಷಗಟ್ಟಲೆ ಚೀಟಿ ಕಟ್ಟಿ, ಹಣ ಕೂಡಿಸಿ, ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವ ಮನೆಗಳಿಗೆ ಇದು ಸಣ್ಣ ನಷ್ಟವಲ್ಲ.

ವಿಯೆಟ್ನಾಂ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿ.ಮೀ. ಉದ್ದದ ದೇಶ. ದೇಶ ಒಂದೇ ಆದರೂ ಮಳೆಗಾಲ ಮೂರು. ನಡುಭಾಗದಲ್ಲಿ ಪಶ್ಚಿಮದ ಗಡಿಗುಂಟ ಅನ್ನಮೈಟ್ ಬೆಟ್ಟಸಾಲು ನಿಂತಿದೆ. ಮುಂಗಾರಿನಲ್ಲಿ ಮಡಿಕೇರಿ ನೆನೆಯುವಾಗ ಮಂಡ್ಯ ಒಣಗಿರುತ್ತದಲ್ಲ, ಹಾಗೆಯೇ ಜೂನ್, ಜುಲೈನಲ್ಲಿ ನೈಋತ್ಯದ ಗಾಳಿ ತನ್ನ ಮಳೆಯನ್ನು ಬೆಟ್ಟದ ಆಚೆ ಲಾವೋಸ್ ಕಡೆ ಸುರಿಸಿಬಿಡುತ್ತದೆ. ಡಾ ನಾಂಗ್ ಕರಾವಳಿಗೆ ಬಿಸಿಲೇ ಬಿಸಿಲು. ಸೆಪ್ಟೆಂಬರ್ ದಾಟಿ ಗಾಳಿ ಈಶಾನ್ಯಕ್ಕೆ ತಿರುಗಿತೆಂದರೆ ಲೆಕ್ಕವೇ ಉಲ್ಟಾ. ಸಮುದ್ರದ ಮೇಲಿಂದ ನೀರು ಹೊತ್ತು ಬಂದ ಗಾಳಿ ಅದೇ ಬೆಟ್ಟಕ್ಕೆ ಈಚೆಯಿಂದ ಬಡಿಯುತ್ತದೆ. ಚೆನ್ನೈಗೆ ಹಿಂಗಾರು ಸುರಿಯುವ ಹೊತ್ತಿಗೇ ಅಲ್ಲೂ ಸುರಿಯುತ್ತದೆ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಅತಿ ಹೆಚ್ಚು. ಚಂಡಮಾರುತ ಸೇರಿಕೊಂಡರಂತೂ ಕೇಳುವುದೇ ಬೇಡ.

ಎಷ್ಟು ಮಳೆ ಎಂದರೆ, 2025ರ ಅಕ್ಟೋಬರ್ ಕೊನೆಯ ವಾರದಲ್ಲಿ ಇದೇ ನಡುಭಾಗದ ಹುವೆ ನಗರದಲ್ಲಿ 24 ಗಂಟೆಯಲ್ಲಿ 1,000 ಮಿ.ಮೀ. ಮೀರಿ ಸುರಿಯಿತು. ಮೈಸೂರಿಗೆ ಇಡೀ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ. ಹೋಯ್ ಆನ್ ಹಳೇ ಪಟ್ಟಣ ಥು ಬಾನ್ ನದಿಯ ದಂಡೆಯಲ್ಲೇ ಇದೆ. ನದಿ ಉಕ್ಕಿದಾಗ ಕಾಗದದ ಲಾಟೀನುಗಳ ಆ ಬೀದಿಗಳಲ್ಲಿ ದೋಣಿ ಓಡಾಡುತ್ತದೆ. ಬಾ ನಾ ಬೆಟ್ಟದ ಮೇಲೆ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತಿರುವ ಚಿನ್ನದ ಸೇತುವೆ ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. ಈ ತಿಂಗಳುಗಳಲ್ಲಿ ಮಂಜು ಕವಿದರೆ ಹತ್ತಡಿ ಆಚೆಗೆ ಏನೂ ಕಾಣದು.

ಹಾಗಾದರೆ ದಸರಾ ರಜೆಯಲ್ಲಿ ಹೋಗಲೇಬಾರದೆ? ಹೋಗಬಹುದು, ಉತ್ತರಕ್ಕೆ ಮಾತ್ರ. ಹನೋಯ್ ಕಡೆ ಅಕ್ಟೋಬರ್ ಎಂದರೆ ಮಳೆ ಹಿಂದೆ ಸರಿದು, ಸೆಕೆ ಇಳಿದು, 25 ಡಿಗ್ರಿ ಆಸುಪಾಸಿನ ಹವೆ. ಹನೋಯ್‌ನಲ್ಲಿ ಮೂರು ರಾತ್ರಿ, ನಿನ್ ಬಿನ್‌ನಲ್ಲಿ ಎರಡು, ಹಾಲಾಂಗ್ ಕೊಲ್ಲಿಯ ದೋಣಿಯಲ್ಲಿ ಒಂದು, ಹೊರಡುವ ಮುನ್ನ ಮತ್ತೆ ಹನೋಯ್‌ನಲ್ಲಿ ಒಂದು. ಏಳು ರಾತ್ರಿಗೆ ಇದು ಸರಿಹೊಂದುತ್ತದೆ, ಒಳನಾಡಿನ ವಿಮಾನವೂ ಬೇಕಾಗುವುದಿಲ್ಲ. ಹನೋಯ್‌ನಿಂದ ನಿನ್ ಬಿನ್ ಎರಡು ಗಂಟೆಯ ದಾರಿ, ಹಾಲಾಂಗ್ ಎರಡೂವರೆ. ನಿನ್ ಬಿನ್‌ನ ತ್ರಾಂಗ್ ಆನ್‌ನಲ್ಲಿ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಸುಣ್ಣಕಲ್ಲಿನ ಗುಹೆಗಳ ಒಳಗೆ ತಲೆ ಬಗ್ಗಿಸಿಕೊಂಡು ಸಾಗಬೇಕು. ಎರಡೂವರೆ ಮೂರು ಗಂಟೆ ಕಾಲು ಮಡಚಿ ಕೂರಬೇಕಾದ್ದರಿಂದ ಮಂಡಿನೋವಿನವರು ಮೊದಲೇ ಯೋಚಿಸಲಿ. ಪಕ್ಕದ ಮುವಾ ಗುಹೆಯ ಬೆಟ್ಟಕ್ಕೆ ಸುಮಾರು 500 ಮೆಟ್ಟಿಲು, ನಮ್ಮ ಚಾಮುಂಡಿ ಬೆಟ್ಟದ ಅರ್ಧ. ಆದರೆ ಏರು ಕಡಿದು, ಕಲ್ಲು ನೆನೆದಿದ್ದರೆ ಜಾರುತ್ತದೆ.

ಡಾ ನಾಂಗ್, ಹೋಯ್ ಆನ್, ಹುವೆ ನೋಡಲೇಬೇಕು ಎನ್ನುವವರು ಅವನ್ನು ಬೇಸಿಗೆ ರಜೆಗೆ ಎತ್ತಿಟ್ಟುಕೊಳ್ಳಲಿ. ಪರೀಕ್ಷೆ ಮುಗಿದು ಏಪ್ರಿಲ್ ಎರಡನೇ ವಾರದಿಂದ 27ರವರೆಗೆ ಒಳ್ಳೆಯ ಸಮಯ. ಏಪ್ರಿಲ್ 30, ಮೇ 1 ಅಲ್ಲಿ ರಾಷ್ಟ್ರೀಯ ರಜೆ. ಇಡೀ ದೇಶವೇ ಕಡಲತೀರಕ್ಕೆ ಹೊರಡುವುದರಿಂದ ಕೋಣೆಯ ಬೆಲೆ ಏರುತ್ತದೆ, ರೈಲಿನಲ್ಲಿ ಸೀಟು ಸಿಗದು. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಬರುವ ಅವರ ಹೊಸ ವರ್ಷ ಟೆಟ್‌ನಲ್ಲಿ ಇನ್ನೂ ಕಷ್ಟ: ಅಂಗಡಿ, ಹೋಟೆಲ್ ಎಷ್ಟೋ ಕಡೆ ಬಾಗಿಲು ಹಾಕಿರುತ್ತವೆ.

ನಡುಭಾಗಕ್ಕೆ ಹೋಗುವ ಮೈಸೂರಿನವರಿಗೆ ಒಂದು ವಿಶೇಷ ಬಿನ್ನಹ. ಹೋಯ್ ಆನ್‌ನಿಂದ ಸುಮಾರು 40 ಕಿ.ಮೀ. ದೂರದ ಮಿ ಸನ್ ಕಣಿವೆಯನ್ನು ಬಿಡಬೇಡಿ. ಹಿಂದೆ ಆ ಭಾಗವನ್ನು ಆಳಿದ ಚಂಪಾ ಅರಸರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಇಟ್ಟಿಗೆಯಲ್ಲಿ ಕಟ್ಟಿಸಿದ ಶಿವಾಲಯಗಳು ಅಲ್ಲಿವೆ, ಸಂಸ್ಕೃತ ಶಾಸನಗಳೂ ಇವೆ. ಅಲ್ಲಿನ ಶಿವನಿಗೆ ಭದ್ರೇಶ್ವರ ಎಂದು ಹೆಸರು. ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರೇ ಅಲ್ಲಿ ಜೀರ್ಣೋದ್ಧಾರ ನಡೆಸುತ್ತಿದ್ದಾಗ 2020ರಲ್ಲಿ ಮಣ್ಣಿನಡಿ ಏಕಶಿಲೆಯ ಲಿಂಗವೊಂದು ಸಿಕ್ಕಿತು. ಪ್ಯಾಕೇಜುಗಳಲ್ಲಿ ಇದು ಎಷ್ಟೋ ಸಲ ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಿ. ಬೆಳಗ್ಗೆ 8ರೊಳಗೆ ತಲುಪಿದರೆ ಬಿಸಿಲೂ ಕಡಿಮೆ, ಬಸ್ಸುಗಳ ಗುಂಪೂ ಬಂದಿರುವುದಿಲ್ಲ.

ಇನ್ನು ಕಾಗದಪತ್ರ. 2023ರ ಆಗಸ್ಟ್ 15ರಿಂದ ವಿಯೆಟ್ನಾಂ ಇ-ವೀಸಾ 90 ದಿನದವರೆಗೆ ಸಿಗುತ್ತದೆ. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಸರ್ಕಾರಿ ಜಾಲತಾಣದ ವಿಳಾಸ 'ಗವ್ ಡಾಟ್ ವಿಎನ್' ಎಂದೇ ಮುಗಿಯುತ್ತದೆ. ಹುಡುಕಿದಾಗ ಮೇಲೆ ಬರುವ ಮಿಕ್ಕವು ದಳ್ಳಾಳಿಗಳವು. ಹೇಳುವುದು ಮೂರು ಕೆಲಸದ ದಿನ, ಆದರೆ ಮೂರು ವಾರ ಮೊದಲೇ ಅರ್ಜಿ ಹಾಕುವುದು ಕ್ಷೇಮ. ತಿರಸ್ಕಾರವಾದರೂ ಹಣ ವಾಪಸ್ ಬರದು.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಮೈಸೂರು, ಮಂಡ್ಯದ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇನಿಷಿಯಲ್ ಸಮೇತ ಇಡೀ ಹೆಸರು ಗಿವನ್ ನೇಮ್‌ನಲ್ಲಿರುತ್ತದೆ. ಅರ್ಜಿ ತುಂಬುವವರು 'ಎಂ ಎಸ್' ಎಂಬುದನ್ನು ಬಿಡುತ್ತಾರೆ, ಇಲ್ಲವೆ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಬರೆಯುತ್ತಾರೆ. ವೀಸಾ ಬರುತ್ತದೆ, ಆದರೆ ಪಾಸ್‌ಪೋರ್ಟಿಗೂ ಅದಕ್ಕೂ ತಾಳೆಯಾಗದೆ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದಲ್ಲ, ಅದನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಪಾಸ್‌ಪೋರ್ಟ್ ಸಂಖ್ಯೆಯ ಸೊನ್ನೆಯನ್ನು 'ಓ' ಎಂದು ಒತ್ತಬೇಡಿ. ಪುಟದ ಫೋಟೊದಲ್ಲಿ ಆ ಎರಡು ಸಾಲು ಕತ್ತರಿಸಿಹೋಗಿದ್ದರೆ ಅಥವಾ ಟ್ಯೂಬ್‌ಲೈಟಿನ ಬೆಳಕು ಮಿನುಗಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಹಗಲು ಬೆಳಕಿನಲ್ಲಿ ತೆಗೆಯಿರಿ. ಮಕ್ಕಳಿಗೂ ಬೇರೆ ವೀಸಾ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ ಎನ್ನುವುದು ಮರೆತುಹೋಗಿರುತ್ತದೆ. ಎಲ್ಲರದೂ ಕನಿಷ್ಠ ಆರು ತಿಂಗಳು ಬಾಕಿ ಇರಲಿ.

ತಾರೀಕಿನ ತಪ್ಪೂ ಇದೆ. ಟಿಕೆಟಿನಲ್ಲಿ '12ನೇ ತಾರೀಕು 00:40' ಎಂದಿದ್ದರೆ 11ರ ಸಂಜೆ ಐದೂವರೆಯೊಳಗೇ ಮನೆ ಬಿಡಬೇಕು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 180 ಕಿ.ಮೀ. ಎಕ್ಸ್‌ಪ್ರೆಸ್‌ವೇ ಬೇಗ ದಾಟಿದರೂ ಕೆಂಗೇರಿಯಿಂದ ಹೆಬ್ಬಾಳದವರೆಗಿನ ಟ್ರಾಫಿಕ್ ಆ ಗಳಿಕೆಯನ್ನೆಲ್ಲ ನುಂಗುತ್ತದೆ. ನಾಲ್ಕು ಗಂಟೆ ದಾರಿಗೆ, ಮೂರು ಗಂಟೆ ಚೆಕ್-ಇನ್‌ಗೆ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ.

ಹಣದ ವಿಚಾರ. ಇಲ್ಲಿನಂತೆ ಯುಪಿಐ ನಂಬಿ ಹೊರಡಬೇಡಿ. ಮಡಿಕೆ, ಪೆನ್ನಿನ ಗುರುತು ಇಲ್ಲದ 100 ಡಾಲರಿನ ಹೊಸ ನೋಟು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ಅವರ ಹಣವಾದ ಡಾಂಗ್ ಮಾಡಿಸಿ. ಕಾರ್ಡಿಗೆ ವಿದೇಶಿ ಬಳಕೆ ಬೀಗ ಹಾಕಿರುತ್ತದೆ, ಬ್ಯಾಂಕ್ ಆ್ಯಪಿನಲ್ಲಿ ತೆರೆದುಕೊಳ್ಳಿ. ಎಟಿಎಂ 'ರೂಪಾಯಿಯಲ್ಲಿ ಲೆಕ್ಕ ಹಾಕಲೆ' ಎಂದು ಕೇಳಿದರೆ ಬೇಡ ಎನ್ನಿ, ಆ ದರ ಯಾವಾಗಲೂ ದುಬಾರಿ. ಬೆಲೆಯ ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿದರೆ ಹೆಚ್ಚುಕಡಿಮೆ ರೂಪಾಯಿ ಬರುತ್ತದೆ: ಲಕ್ಷ ಡಾಂಗ್ ಎಂದರೆ ಸುಮಾರು ₹350. ಒಂದು ಎಚ್ಚರ: 20,000 ಮತ್ತು 5,00,000ದ ನೋಟುಗಳೆರಡೂ ನೀಲಿ. ರಾತ್ರಿ ಟ್ಯಾಕ್ಸಿ ಇಳಿಯುವ ಅವಸರದಲ್ಲಿ ₹70 ಕೊಡುವ ಕಡೆ ₹1,750 ಹೋಗುತ್ತದೆ. ದೊಡ್ಡ ನೋಟನ್ನು ಬೇರೆ ಜೇಬಿನಲ್ಲೇ ಇಡಿ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಕಲಿಯಬೇಕಾದ್ದು ಒಂದೇ ಪದ, 'ಚಾಯ್'. ನಮ್ಮ ಕಿವಿಗೆ ಟೀ ಎಂದು ಕೇಳಿಸುವ ಆ ಮಾತಿಗೆ ಅಲ್ಲಿ ಸಸ್ಯಾಹಾರ ಎಂದರ್ಥ. 'ಕ್ವಾನ್ ಚಾಯ್' ಎಂದು ಬರೆದಿದ್ದರೆ ಅದು ಸಸ್ಯಾಹಾರಿ ಹೋಟೆಲ್. ಅವರ ಚಾಂದ್ರಮಾನದ ಮೊದಲ ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ, ಬೌದ್ಧರು ಅನೇಕರು ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಚಾಯ್ ಊಟ ಬೀದಿಬದಿಯಲ್ಲೂ ಸಿಗುತ್ತದೆ. ಬೇರೆ ಹೋಟೆಲಿನಲ್ಲಿ ಬರೀ ಸೊಪ್ಪಿನ ಪಲ್ಯ ಕೇಳಿದರೂ ಅದಕ್ಕೆ ಮೀನಿನ ರಸ 'ನುಅಕ್ ಮಾಮ್' ಬಿದ್ದಿರುತ್ತದೆ. ಬೇಡ ಎಂಬುದನ್ನು ಅವರ ಭಾಷೆಯಲ್ಲಿ ಬರೆದು ಫೋನಿನಲ್ಲಿ ತೋರಿಸಿ, ನಮ್ಮ ಉಚ್ಚಾರಣೆ ಅವರಿಗೆ ತಿಳಿಯದು.

ಸ್ಕೂಟರ್ ಬಾಡಿಗೆಗೆ ಪಡೆಯುವ ಯುವಕರಿಗೂ ಒಂದು ಮಾತು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ ನಮೂನೆಯದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ನಮೂನೆಯನ್ನು. ಅಪಘಾತವಾದರೆ ಪ್ರವಾಸ ವಿಮೆಯ ಕಂಪನಿ 'ಪರವಾನಗಿ ಇಲ್ಲದೆ ಓಡಿಸಿದ್ದು' ಎಂದು ಕೈ ಎತ್ತಬಹುದು. ನಮ್ಮ ಓಲಾ, ಊಬರ್‌ನಂಥ ಗ್ರ್ಯಾಬ್ ಆ್ಯಪಿನ ಕಾರು ಎಲ್ಲ ದೊಡ್ಡ ಊರಿನಲ್ಲೂ ಸಿಗುತ್ತದೆ.

ಪ್ಯಾಕೇಜ್ ಬಿಲ್ಲಿನಲ್ಲಿ ಟಿಸಿಎಸ್ ಎಂಬ ಸಾಲು ಇರುತ್ತದೆ. ಅದು ಏಜೆಂಟರ ಕಮಿಷನ್ ಅಲ್ಲ, ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗುವ ತೆರಿಗೆ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು. ಆದ್ದರಿಂದ ಮನೆಯಲ್ಲಿ ರಿಟರ್ನ್ಸ್ ಸಲ್ಲಿಸುವವರ ಪ್ಯಾನನ್ನೇ ಕೊಡಿ.

ಕೊನೆಯದಾಗಿ ನಮ್ಮೂರಿನ ಟ್ರಾವೆಲ್ಸ್‌ನವರಲ್ಲಿ ಕಳಕಳಿಯ ಕೋರಿಕೆ. ಬೋರ್ಡಿನ ಮೇಲೆ ದರದ ಪಕ್ಕದಲ್ಲೇ ಆ ಪಟ್ಟಿ ಯಾವ ತಿಂಗಳಿಗೆ ಹೊಂದುತ್ತದೆ ಎಂದೂ ಬರೆಯಿರಿ. ಬಿರುಗಾಳಿಯ ಸೂಚನೆ ಬಂದರೆ ಹಾಲಾಂಗ್‌ನಲ್ಲಿ ಬಂದರಿನವರು ದೋಣಿಗಳನ್ನು ತಡೆಯುತ್ತಾರೆ, ತಡೆಯಲೇಬೇಕು. 2025ರ ಜುಲೈನಲ್ಲಿ ದಿಢೀರ್ ಗಾಳಿಗೆ ಪ್ರವಾಸಿ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡರು. ಹಾಗೆ ದೋಣಿ ನಿಂತಾಗ ಆ ರಾತ್ರಿಯ ಹಣ ಎಷ್ಟು ವಾಪಸ್, ಬದಲಿ ಕೋಣೆಯ ಖರ್ಚು ಯಾರದು ಎಂಬುದನ್ನು ಮುಂಗಡ ಪಡೆಯುವ ರಸೀದಿಯಲ್ಲೇ ಬರೆದುಕೊಡಿ. ಗ್ರಾಹಕರೂ ಅದನ್ನು ಕೇಳಿ ಪಡೆದ ಮೇಲೆಯೇ ಮುಂಗಡ ಕೊಡಲಿ.

ಇಂತಿ,
ಪ್ರವಾಸ ಯೋಜನೆಯ ಕೆಲಸದಲ್ಲಿರುವ ಓದುಗರು,
ಸರಸ್ವತಿಪುರಂ, ಮೈಸೂರು