ಅಪ್ಪನ ಕಣ್ಣನ್ನ ಮುಂದಿನ ವರ್ಷಕ್ಕೆ ಇಡಬೇಡಿ

ಡ್ರೆಸ್ಡೆನ್, ಜರ್ಮನಿ
6 ಡಿಸೆಂಬರ್ 2025, ಶನಿವಾರ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಅಂತ ಬರೆಯೋಣ ಅಂದ್ರೆ ಸುಮಾ ನಿನ್ನೆ ರಾತ್ರಿ ಕಳಿಸಿದ ಉದ್ದ ಮೆಸೇಜು ಕಣ್ಣಮುಂದೆ ಇದೆ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ನೀನು "ಹೂಂ, ಎಲ್ಲ ಸರಿ ಇದೆ ಕಣೋ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ಅಪ್ಪ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿದ್ದಾರಂತಲ್ಲ, ಯಾಕೆ? ನನಗೆ ಮೊದಲೇ ಗೊತ್ತಾಗಬೇಕಿತ್ತು. ಎರಡು ತಿಂಗಳಿಂದ ವಿಡಿಯೋ ಕಾಲ್‌ನಲ್ಲಿ ಫೋನನ್ನು ಎಡಗಡೆಗೇ ಸರಿಸಿ ಹಿಡಿಯುತ್ತಾರೆ. ನನಗಿಲ್ಲಿ ಕಾಣೋದು ಅವರ ಒಂದು ಕಿವಿ, ಹಿಂದಿನ ಗೋಡೆ, ಕ್ಯಾಲೆಂಡರು. "ಫೋನ್ ನೆಟ್ಟಗೆ ಹಿಡೀರಿ ಅಪ್ಪಾ" ಅಂತ ಹೋದ ಭಾನುವಾರ ರೇಗಿಬಿಟ್ಟೆ. ಎಡಗಣ್ಣಲ್ಲಿ ನನ್ನ ಮುಖ ನೋಡೋಕೆ ಹಾಗೆ ಹಿಡೀತಾ ಇದ್ದರು ಅಂತ ಈಗ ಹೊಳೀತಿದೆ.

ಪೊರೆ ಇನ್ನೂ ಬಲಿಯಲಿ ಅಂತಾರಂತೆ. ಅದು ಹಳೇ ಕಾಲದ ಮಾತು. ಕೊಬ್ಬರಿ ಆಗಲಿ ಅಂತ ಕಾಯಿಯನ್ನ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡ್ತೀವಲ್ಲ, ಹಾಗಲ್ಲ ಇದು. ಜಾಸ್ತಿ ಬಲಿತರೆ ಗಟ್ಟಿಯಾಗಿ ಆಪರೇಷನ್ನೇ ಕಷ್ಟ ಆಗುತ್ತದೆ. ಈಗ ಮಾಡಿಸಿದರೆ ಅರ್ಧ ಗಂಟೆ ಕೆಲಸ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಶುಗರ್ ಮಾತ್ರ ಹತೋಟಿಯಲ್ಲಿರಬೇಕು, ಹಬ್ಬ ಅಂತ ಹೋಳಿಗೆ ಬಡಿಸಬೇಡ. ಖಾಸಗಿಯವರು ದುಡ್ಡು ಜಾಸ್ತಿ ಕೇಳಿದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇದೆಯಲ್ಲ. ಸರ್ಕಾರಿ ಅಂತ ಮೂಗು ಮುರಿಯಬೇಡಿ, ನೂರು ವರ್ಷದ ಮೇಲಾಯಿತು, ಬರೀ ಕಣ್ಣೇ ನೋಡಿಕೊಂಡು ಬಂದಿದ್ದಾರೆ. ತಿಪಟೂರಲ್ಲಿ ರೈಲು ಹತ್ತಿದರೆ ಆಯಿತು, ರಾಜಣ್ಣ ಮಾವ ಜೊತೆಗೆ ಹೋಗುತ್ತಾರೆ.

ಕೊಬ್ಬರಿ ದುಡ್ಡು ಬ್ಯಾಂಕಿಗೆ ಹಾಕಿ "ಇದು ಹುಡುಗನ ಎರಡನೇ ವರ್ಷಕ್ಕೆ" ಅಂದರಂತೆ ಅಪ್ಪ. ಲೆಕ್ಕ ಹೇಳ್ತೀನಿ ಕೇಳು. ಬರೋ ಮುಂಚೆ ವೀಸಾಗೆ ಅಂತ ಖಾತೆಗೆ ಕಟ್ಟಿದ 11,904 ಯೂರೋ ಇದೆಯಲ್ಲ, ಅದರಿಂದ ತಿಂಗಳಿಗೆ 992 ನನ್ನ ಕೈಗೆ ಬರುತ್ತದೆ. ರೂಮು, ಇನ್ಶೂರೆನ್ಸು, ಅಕ್ಕಿ ಬೇಳೆ ಎಲ್ಲ ಕಳೆದೂ ಉಳಿಯುತ್ತದೆ. ಖಾಲಿ ನೀರಿನ ಬಾಟಲಿ ಅಂಗಡಿಯ ಮಷಿನ್ನಿಗೆ ತುರುಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಕೊಡುತ್ತದೆ, ನಮ್ಮ ಮಹಡಿಯ ಹುಡುಗರು ಬಿಟ್ಟುಹೋದದ್ದನ್ನೆಲ್ಲ ನಾನೇ ಒಯ್ಯುತ್ತೇನೆ. (ಇದನ್ನ ಅತ್ತೆಗೆ ಹೇಳಬೇಡ.) ವೀಸಾ ಮುಂದುವರಿಸುವಾಗ ಮತ್ತೆ ದುಡ್ಡು ತೋರಿಸಬೇಕು ನಿಜ, ಆದರೆ ನಮ್ಮಂಥ ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ದಿನ ಕೆಲಸ ಮಾಡಬಹುದು, ಅರ್ಧ ದಿನದ ಲೆಕ್ಕದಲ್ಲಿ 280. ಜನವರಿಯಿಂದ ಒಂದು ಬೇಕರಿಯಲ್ಲಿ ಕೆಲಸ ಹೆಚ್ಚುಕಡಿಮೆ ಸಿಕ್ಕ ಹಾಗೇ. ಅವರು ಫೋನ್ ಮಾಡ್ತೀವಿ ಅಂದಿದ್ದಾರೆ.

ಓದು ಚೆನ್ನಾಗಿ ನಡೀತಿದೆ. ನಿಜವಾಗಿಯೂ. ಮೊದಲ ಕ್ಲಾಸು ಬೆಳಗ್ಗೆ 7.30ಕ್ಕೆ, ಈ ತಿಂಗಳು ಸೂರ್ಯ ಏಳೋದು ಎಂಟರ ಹತ್ತಿರ, ನಾಲ್ಕಕ್ಕೆಲ್ಲ ಮುಳುಗುತ್ತಾನೆ. ಮೊದಲ ವಾರ ತಪ್ಪು ಹಾಲ್‌ಗೆ ಹೋಗಿ ಕೂತುಬಿಟ್ಟೆ. ಎಲ್ಲ ಜರ್ಮನ್ನಲ್ಲಿ. ಮಧ್ಯೆ ಎದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಂತ ಪೂರಾ ಒಂದೂವರೆ ಗಂಟೆ ತಲೆ ಆಡಿಸಿಕೊಂಡು ಕೂತಿದ್ದೆ, ನೋಟ್ಸ್ ಕೂಡ ಬರೆದುಕೊಂಡೆ. ಕೊನೆಗೆ ಎಲ್ಲರೂ ಬೆರಳ ಗೆಣ್ಣಲ್ಲಿ ಬೆಂಚು ಕುಟ್ಟಿದರು, ಇಲ್ಲಿ ಚಪ್ಪಾಳೆ ಅಂದ್ರೆ ಅದೇ. ನಾನೂ ಕುಟ್ಟಿದೆ.

ಈ ವಾರ ಅಂತರ್ಜಲದ ಕ್ಲಾಸಲ್ಲಿ ನಿಮ್ಮ ಊರಲ್ಲಿ ನೀರು ಎಷ್ಟು ಆಳದಲ್ಲಿ ಸಿಗುತ್ತದೆ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಹತ್ತು ಮೀಟರ್, ಹದಿನೈದು ಮೀಟರ್ ಅಂತಿದ್ದಾರೆ. ನನ್ನ ಸರದಿ ಬರೋ ಹೊತ್ತಿಗೆ ಗಂಟಲು ಒಣಗಿತ್ತು, ಅಡಿಯನ್ನ ಮೀಟರ್ ಮಾಡೋದೇ ಮರೆತುಹೋಯಿತು. ಆಮೇಲೆ ಮೆಲ್ಲಗೆ "ಸುಮಾರು 240" ಅಂದೆ. ಇಪ್ಪತ್ತನಾಲ್ಕಾ ಅಂತ ಮೇಷ್ಟ್ರು ಮತ್ತೆ ಕೇಳಿದರು. ಇಲ್ಲ ಸರ್, 800 ಅಡಿ, ಅದೂ ಮೂರನೇ ಬೋರು, ಮೊದಲೆರಡರಲ್ಲಿ ಬರೀ ಧೂಳು ಬಂತು, ಅಪ್ಪ ರಾತ್ರಿಯಿಡೀ ಲಾರಿ ಪಕ್ಕದಲ್ಲೇ ನಿಂತಿದ್ದರು, ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ತೋಟಕ್ಕೆ ನೀರು ಬಿಡಬೇಕು ಅಂತ ಅದು ಹೇಗೆ ಶುರುವಾಯಿತೋ ಹತ್ತು ನಿಮಿಷ ನಾನೇ ಮಾತಾಡಿದೆ. ಕೈ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅಪ್ಪನಿಗೆ ಹೇಳು, ಅವರ ಬೋರ್‌ವೆಲ್ಲು ಈಗ ಬೋರ್ಡಿನ ಮೇಲೆ ಬಂದಿದೆ.

ಆದರೆ ಆ ಮಾತು ಹೇಳುವಾಗಲೇ ಭಯ ಆಯಿತು. ಈಗಲೂ ಅದೇ ಕಣ್ಣು ಇಟ್ಟುಕೊಂಡು ರಾತ್ರಿ ಹೊತ್ತು ಮೋಟರ್ ಹಾಕೋಕೆ ಹೋಗ್ತಾರಾ? ಹೋಗೋದು ಬೇಡ. ಮಂಜನನ್ನ ಕಳಿಸಿ.

ಜರ್ಮನಿಯವರದು ಗಟ್ಟಿ ಕೆಲಸ ಅಂತ ಅಪ್ಪ ಹೇಳ್ತಿದ್ದರಲ್ಲ, ಇಲ್ಲೇ ಎಲ್ಬೆ ನದಿಯ ಮೇಲಿದ್ದ ಒಂದು ಸೇತುವೆಯ ಭಾಗ 2024ರ ಸೆಪ್ಟೆಂಬರ್‌ನಲ್ಲಿ ರಾತ್ರೋರಾತ್ರಿ ನೀರಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಊರಿನ ಕೆರೆ ಕೋಡಿ ಇನ್ನೂ ನಿಂತಿದೆ ಅಂತ ಅವರಿಗೆ ಹೇಳು, ಖುಷಿಯಾಗುತ್ತದೆ.

ಕೆಮ್ಮು ಕಡಿಮೆಯಾಗಿದೆ. ಸುಮಾ ಹೇಳಿದ್ದನ್ನ ನಂಬಬೇಡ, ಅವತ್ತು ಒಂದು ದಿನ ಮಾತ್ರ ಜ್ವರ ಇತ್ತು. ಸ್ವೆಟರ್ ಹಾಕ್ತೀನಿ, ಒಳಗೆ ಇನ್ನೊಂದು ಹಾಕ್ತೀನಿ. ಊಟ ಹೊಟ್ಟೆ ತುಂಬ ಮಾಡ್ತೀನಿ. ನಿನ್ನ ಸಾರಿನಪುಡಿ ಅರ್ಧ ಡಬ್ಬ ಇದೆ.

ಸೋಮವಾರವೇ ಡಾಕ್ಟರ ಹತ್ತಿರ ದಿನ ಕೇಳು. ಆ ಬ್ಯಾಂಕಿನ ದುಡ್ಡಲ್ಲೇ ಮಾಡಿಸಿ, ಇಲ್ಲಾಂದ್ರೆ ನಾನು ಬಾಟಲಿ ಹೆಕ್ಕೋ ವಿಷಯ ಅತ್ತೆಗೆ ನಾನೇ ಹೇಳ್ತೀನಿ. ಈಗ ಓಡಬೇಕು, ನಾಳೆ ಭಾನುವಾರ, ಇಲ್ಲಿ ಭಾನುವಾರ ಸಾಮಾನ್ಯವಾಗಿ ಅಂಗಡಿ ತೆಗೆಯಲ್ಲ, ಮನೇಲಿ ಅಕ್ಕಿ ಇಲ್ಲ. ಟ್ರಾಮ್‌ಗೆ ನಾಲ್ಕೇ ನಿಮಿಷ.

ದಿನ ಗೊತ್ತಾದ ತಕ್ಷಣ ಸುಮಾ ಕೈಲಿ ಮೆಸೇಜ್ ಮಾಡಿಸು.

ನಿನ್ನ
ಪುಟ್ಟ