ದಾರಿ ಸವೆಸಿದ ಕಲ್ಲುಗಾರ

ಪ್ರೀತಿಯ ತಮ್ಮ,

ನಿನ್ನ ಪಕ್ಕದ ಮನೆಯ ಐರಿಷ್ ಮೂಲದ ಕಲ್ಲುಗಾರರ ನೆನಪಿಗೆ ನೀನು ಬರೆದ ಬರಹ ತಲುಪಿತು. ಅವರು ಹೋದ ಸುದ್ದಿ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಬರಹ ಓದಿದೆ. ರಾತ್ರಿ ಊಟ ಆದಮೇಲೆ ಮತ್ತೊಂದು ಸಲ ಓದಿದೆ.

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬರಹದ ತುಂಬ ಪ್ರೀತಿ ಇದೆ, ಆದರೆ ಅವರು ಕಾಣಿಸಲಿಲ್ಲ. 'ಸರಳ ಸಜ್ಜನ', 'ಊರಿಗೇ ಬೇಕಾದವರು', 'ಕಥೆಗಳ ಕಣಜ' ಅಂತೆಲ್ಲ ಬರೆದಿದ್ದೀಯ. ಈ ಮಾತುಗಳನ್ನು ಯಾರು ತೀರಿಕೊಂಡರೂ ಬರೆಯಬಹುದು, ಅಲ್ವಾ? ಅವರ ಪಕ್ಕದಲ್ಲೇ ಒಂಬತ್ತು ವರ್ಷ ಇದ್ದವನು ನೀನು. ನಾನು ನೋಡಿದ್ದು ಎರಡೇ ಮಧ್ಯಾಹ್ನ. ಆ ಎರಡು ಮಧ್ಯಾಹ್ನ ನನಗೆ ಇನ್ನೂ ಹೇಗೆ ಕಣ್ಣಿಗೆ ಕಟ್ಟಿದೆ ಅಂತ ಹೇಳುತ್ತೇನೆ, ಕೇಳು.

ಅದು ಅಕ್ಟೋಬರ್. ಮ್ಯಾಸಚೂಸೆಟ್ಸ್‌ನ ಆ ಬೆಟ್ಟಗಳ ಮೇಲೆ ಎಲೆ ಕೆಂಪಾಗಿತ್ತು. ನಿನ್ನ ಹಿತ್ತಲ ಗೋಡೆ ಒಂದು ಮಾರಿನಷ್ಟು ಜಾರಿತ್ತು. ಅವರು ಬಕೆಟ್ ಬೋರಲು ಹಾಕಿ ಕೂತು, ಬಿದ್ದ ಕಲ್ಲುಗಳನ್ನೆಲ್ಲ ಹುಲ್ಲಿನ ಮೇಲೆ ಹರಡಿಕೊಂಡಿದ್ದರು. ಸಿಮೆಂಟಿಲ್ಲ, ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಹಿಮನದಿಗಳು ಸಾವಿರಾರು ವರ್ಷಗಳ ಹಿಂದೆ ಬಿಟ್ಟುಹೋದ ಕಲ್ಲು ಅವು. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ವಸಂತ ಬಂದಾಗ ಹೊಲದಲ್ಲಿ ಹೊಸ ಕಲ್ಲು ಎದ್ದಿರುತ್ತವೆ. ಅಲ್ಲಿನ ರೈತರು ಅವನ್ನು ಹೆಕ್ಕಿ ಹೆಕ್ಕಿ ಬದುವಿಗೆ ಪೇರಿಸಿದರು. ಆಮೇಲೆ ಹೊಲ ಬಿಟ್ಟು ಹೋದರು, ಕಾಡು ವಾಪಸ್ ಬಂತು, ಗೋಡೆಗಳು ಕಾಡಿನೊಳಗೇ ಉಳಿದವು. ನೀನೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ.

ಅವರು ಒಂದು ಕಲ್ಲು ಎತ್ತುತ್ತಿದ್ದರು. ಒಂದೇ ಸಲ ಕೈಯಲ್ಲಿ ತಿರುಗಿಸುತ್ತಿದ್ದರು. ಮುಖ ಯಾವುದು, ಬೆನ್ನು ಯಾವುದು ಅಂತ ಹೆಬ್ಬೆರಳಿನಲ್ಲಿ ಸವರಿ ನೋಡುತ್ತಿದ್ದರು. ಆಮೇಲೆ ಇಡುವುದೇ. ಎತ್ತಿದ ಕಲ್ಲನ್ನು ಮತ್ತೆ ರಾಶಿಗೆ ಹಾಕಿದ್ದನ್ನು ನಾನು ನೋಡಲಿಲ್ಲ. ಇಲ್ಲಿ ಕೂರದಿದ್ದರೆ ಎರಡು ಮೊಳ ಆಚೆ ಜಾಗ ಹುಡುಕುತ್ತಿದ್ದರು. ಕೆಳಗಿನ ಎರಡು ಕಲ್ಲಿನ ಸಂದಿಯ ಮೇಲೆ ಮೇಲಿನ ಕಲ್ಲು ಬರಬೇಕು. ಸಂದಿಯ ಮೇಲೆ ಸಂದಿ ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ಇದು ನಮ್ಮ ಗಾರೆ ಕೆಲಸದವರಿಗೂ ಗೊತ್ತಿರುವ ವಿಷಯ. ನನಗೆ ಹೊಸದಾಗಿ ಕಂಡಿದ್ದು ಒಳಗಿನ ಕೆಲಸ. ಇಂಥ ಗೋಡೆಗೆ ಎರಡು ಮುಖ, ನಡುವೆ ಟೊಳ್ಳು. ಆ ಟೊಳ್ಳಿಗೆ ಮುಷ್ಟಿಗಾತ್ರದ ಚೂರು ಕಲ್ಲು ತುಂಬಬೇಕು. ಸುರಿದುಬಿಟ್ಟರೆ ಆಗುವುದಿಲ್ಲ. ಒಂದೊಂದನ್ನೂ ಕೈಯಿಂದ ಇಟ್ಟು ಅಲ್ಲಾಡದ ಹಾಗೆ ಬಿಗಿಯಬೇಕು. ಅವರು ಹೊರಗಿನ ಕಲ್ಲಿಗಿಂತ ಅದಕ್ಕೇ ಜಾಸ್ತಿ ಹೊತ್ತು ಕೊಟ್ಟರು. ಯಾರಿಗೆ ಕಾಣುತ್ತೆ ಇದು ಅಂತ ಕೇಳಿದೆ. "ಹೊರಗಿನದನ್ನು ಜನ ನೋಡ್ತಾರೆ, ಒಳಗಿನದನ್ನು ಚಳಿಗಾಲ ನೋಡುತ್ತೆ" ಅಂದರು. ಟೀ ಮಗ್ಗನ್ನು ಒಂದು ಚಪ್ಪಟೆ ಬೂದು ಕಲ್ಲಿನ ಮೇಲೆ ಇಟ್ಟು ಕಥೆ ಶುರು ಮಾಡಿದರು.

ಆ ಕಥೆ ನಿನ್ನ ಬರಹದಲ್ಲಿ ಇಲ್ಲ. 'ಐರ್ಲೆಂಡಿನ ಜನಪದ ಕಥೆಗಳನ್ನು ಸೊಗಸಾಗಿ ಹೇಳುತ್ತಿದ್ದರು' ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ. ಯಾವ ಕಥೆ? ಎಲ್ಲಿ ತಡೆದು ಹೇಳುತ್ತಿದ್ದರು? ನನಗೆ ಹೇಳಿದ್ದು ಗೊಬಾನ್ ಸೇರ್ ಕಥೆ. ಐರಿಷ್ ಭಾಷೆಯಲ್ಲಿ 'ಸೇರ್' ಅಂದರೆ ಕಟ್ಟುವವನು, ಕುಶಲ ಕೆಲಸಗಾರ. ಸ್ವತಂತ್ರ ಅನ್ನುವುದಕ್ಕೂ ಅದೇ ಪದವಂತೆ, ಅದನ್ನು ಹೇಳುವಾಗ ಅವರ ಮುಖ ಅರಳಿತ್ತು. ಗೊಬಾನ್ ಆ ನಾಡಿನ ದಂತಕಥೆಯ ಕಲ್ಲುಗಾರ. ರಾಜನಿಗೆ ಕೋಟೆ ಕಟ್ಟಲು ಮಗನ ಜೊತೆ ಹೊರಟಿದ್ದಾನೆ. ಸ್ವಲ್ಪ ದೂರ ನಡೆದಮೇಲೆ, "ದಾರಿ ಸವೆಸು ಮಗನೇ" ಅಂತಾನೆ. ಮಗನಿಗೆ ಅರ್ಥ ಆಗುವುದಿಲ್ಲ. ದಾರಿಯನ್ನು ನಾನು ಹೇಗೆ ಸವೆಸಲಿ? ಹಾಗಾದರೆ ಮನೆಗೆ ನಡಿ ಅಂತ ಅಪ್ಪ ತಿರುಗಿಬಿಡುತ್ತಾನೆ. ಮಾರನೇ ದಿನವೂ ಅದೇ ಪಾಡು. ಆ ರಾತ್ರಿ ಮಗನ ಹೆಂಡತಿ ಕೇಳುತ್ತಾಳೆ, ಯಾಕೆ ಹೀಗೆ ಹೋಗಿ ಹೋಗಿ ವಾಪಸ್ ಬರ್ತಿದ್ದೀರಿ ಅಂತ. ಅವನು ಹೇಳುತ್ತಾನೆ. ಅವಳು, "ಅಯ್ಯೋ, ಅಷ್ಟೇನಾ? ನಡೆಯುವಾಗ ಒಂದು ಕಥೆ ಶುರು ಮಾಡು" ಅಂತಾಳೆ.

ನಾವೂ ಹೇಳ್ತೀವಲ್ಲ, ಮಾತಾಡ್ತಾ ಮಾತಾಡ್ತಾ ದಾರಿ ಸವೆದದ್ದೇ ಗೊತ್ತಾಗಲಿಲ್ಲ ಅಂತ. ಸಮುದ್ರದಾಚೆಯ ಕಥೆಯಲ್ಲಿ ನಮ್ಮ ಮನೆಯ ಮಾತು ಕೇಳಿ ನನಗೆ ಮೈ ಜುಂ ಅಂದಿತ್ತು.

ಕೋಟೆ ಮುಗಿಯುತ್ತದೆ. ಇಂಥದ್ದು ಇನ್ನೊಬ್ಬ ರಾಜನಿಗೆ ಸಿಗಬಾರದು ಅಂತ ರಾಜ ಅಪ್ಪ ಮಗನನ್ನು ಕೊಲ್ಲಿಸಲು ಯೋಚಿಸುತ್ತಾನೆ. ಗೊಬಾನ್‌ಗೆ ಸುಳಿವು ಸಿಗುತ್ತದೆ. ಕೊನೆಯ ಕೆಲಸಕ್ಕೆ ಒಂದು ಹತಾರ ಮನೆಯಲ್ಲಿ ಉಳಿದಿದೆ, ಅದರ ಹೆಸರು 'ಸೊಟ್ಟಕ್ಕೆ ಸೊಟ್ಟ', ರಾಜಕುಮಾರನೇ ಹೋಗಿ ತರಬೇಕು ಅಂತಾನೆ. ಇಲ್ಲಿ ನಮ್ಮ ಮುದುಕ ನಿಲ್ಲಿಸಿದರು. ಒಂದು ಕಲ್ಲು ಎತ್ತಿ, ತಿರುಗಿಸಿ, ಇಟ್ಟು, ಚೂರು ಕಲ್ಲು ಬಿಗಿದು, ಟೀ ಕುಡಿದರು. ನಾನು ಕಾಯುತ್ತಿದ್ದೆ. ಆಮೇಲೆ ಹೇಳಿದರು: ಹತಾರದ ಹೆಸರು ಕೇಳಿದ ತಕ್ಷಣ ಸೊಸೆಗೆ ಎಲ್ಲ ಅರ್ಥವಾಯಿತು. "ಆ ಪೆಟ್ಟಿಗೆಯ ತಳದಲ್ಲಿದೆ, ಬಗ್ಗಿ ತೆಗೆದುಕೋ" ಅಂದಳು. ರಾಜಕುಮಾರ ಬಗ್ಗಿದ. ಒಳಕ್ಕೆ ತಳ್ಳಿ ಮುಚ್ಚಳ ಹಾಕಿದಳು. ಅಪ್ಪ ಮಗ ವಾಪಸ್ ಬಂದರೆ ಮಾತ್ರ ನಿನ್ನ ಮಗ ಅಂತ ರಾಜನಿಗೆ ಹೇಳಿ ಕಳಿಸಿದಳು.

ನಾನು ಸುಮ್ಮನಿರಲಿಲ್ಲ. ಜಕಣಾಚಾರಿ ಕಥೆ ಹೇಳಿದೆ. ನೀನೇ ಅನುವಾದ ಮಾಡಿದ್ದೆ, ನೆನಪಿದೆಯಾ? ಮದುವೆಯಾದ ಹೊಸದರಲ್ಲೇ ಶಿಲ್ಪದ ಹುಚ್ಚಿಗೆ ಮನೆ ಬಿಟ್ಟವನು. ಬೇಲೂರಲ್ಲಿ ಒಬ್ಬ ಹುಡುಗ ಬಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಅಂದ. ಕಲ್ಲಿನೊಳಗಿನಿಂದ ಕಪ್ಪೆ ಬಂತು. ಜಕಣಾಚಾರಿ ತನ್ನ ಬಲಗೈ ಕತ್ತರಿಸಿಕೊಂಡ. ಹುಡುಗ ತನ್ನ ಮಗನೇ ಎಂದು ತಿಳಿಯಿತು. ಕೈದಾಳದಲ್ಲಿ ಗುಡಿ ಕಟ್ಟಿದಮೇಲೆ ಕೈ ಮರಳಿತು. ಚೆನ್ನಾಗೇ ಹೇಳಿದೆ ಅಂದುಕೊಂಡೆ. ನಲವತ್ತು ವರ್ಷದಿಂದ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದ ಕಥೆ ಅದು. ಅವರು ಪೂರ್ತಿ ಕೇಳಿ, ಕೈಯಲ್ಲಿದ್ದ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಷ್ಟೂ ವರ್ಷ ಆ ಹುಡುಗನ ಅಮ್ಮ ಏನು ಮಾಡ್ತಿದ್ದಳು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಜಕಣಾಚಾರಿ ದಂತಕಥೆಯಲ್ಲಿ ಇರುವವನು, ಬೇಲೂರಿನ ಕಲ್ಲುಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರಿದೆ ಅನ್ನುವುದೆಲ್ಲ ನನಗೆ ಬಾಯಿಪಾಠ. ಅಪ್ಪ ಇದ್ದಾನೆ, ಮಗ ಇದ್ದಾನೆ, ಕಪ್ಪೆ ಕೂಡ ಇದೆ. ಹುಡುಗನಿಗೆ ಕಲ್ಲಿನ ಕುಲ ಗುರುತಿಸುವ ವಯಸ್ಸು ಬರುವವರೆಗೆ ಸಾಕಿದವಳ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಆ ಪ್ರಶ್ನೆ ಕೇಳಿದವರ ಬಗ್ಗೆಯೇ ನೀನು ಬರೆದಿರುವುದು. ಈಗ ನಿನ್ನ ಬರಹ ತೆಗೆದು ನೋಡು. ಅವರ ಹೆಂಡತಿ ಒಂದೇ ಸಲ ಬರುತ್ತಾರೆ, ಟೀ ತಂದುಕೊಡಲು. ಕೆಲಸದ ಲೆಕ್ಕದ ಪುಸ್ತಕ ಇಡುತ್ತಿದ್ದವರು ಅವರು, ಯಾರ ಮನೆಯ ಯಾವ ಗೋಡೆ ಯಾವ ವರ್ಷದ್ದು ಅಂತ ಕೇಳಿದರೆ ಒಳಗಿನಿಂದಲೇ ಕೂಗಿ ಹೇಳುತ್ತಿದ್ದರು ಅಂತ ನೀನೇ ನನಗೆ ಫೋನಿನಲ್ಲಿ ಹೇಳಿದ್ದೆಯಲ್ಲ. ಅದೆಲ್ಲ ಎಲ್ಲಿ ಹೋಯಿತು?

ನಿನ್ನನ್ನು ಬೈಯುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದ್ದೇನೆ. ಮೂವತ್ತು ದಾಟಿರಲಿಲ್ಲ ಆಗ. ನಮ್ಮೂರಿಗೆ ಒರಳು, ಬೀಸುವ ಕಲ್ಲಿಗೆ ಉಳಿಪೆಟ್ಟು ಹಾಕಲು ಬರುತ್ತಿದ್ದ ಒಬ್ಬರ ಬಗ್ಗೆ ಒಂದು ಪತ್ರಿಕೆಗೆ ಬರೆದೆ. ಅವರ ಮಾತನ್ನೆಲ್ಲ ತಿದ್ದಿ ಪುಸ್ತಕದ ಕನ್ನಡ ಮಾಡಿದೆ. ಗೌರವ ಕೊಡುತ್ತಿದ್ದೇನೆ ಅಂತಲೇ ನಂಬಿದ್ದೆ. ಅವರ ಮನೆಗೆ ಹೋಗಿ ಓದಿ ಹೇಳಿದೆ. ಅವರಾಗಲೇ ತೀರಿಹೋಗಿದ್ದರು, ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿದರು. ಕೊನೆಗೆ, "ಚೆಂದ ಐತವ್ವಾ. ನಮ್ಮೋರು ಎಲ್ಲಿ ಮಾತಾಡ್ತಾರೆ ಇದ್ರಾಗೆ?" ಅಂದರು. ಆ ಪ್ರತಿಯನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ.

ನಿನಗೆ ಒಂದು ಒಳ್ಳೆಯ ಉದಾಹರಣೆ ಹೇಳಬೇಕು. ಇದು ನಮ್ಮ ಮುದುಕರ ಪೂರ್ವಜರ ಸೀಮೆ, ಐರ್ಲೆಂಡಿನ ಕಾರ್ಕ್‌ನದೇ. ಗೂಗಾನ್ ಬಾರಾ ಅನ್ನುವ ಕೆರೆಯ ಹತ್ತಿರ ಒಬ್ಬ ದರ್ಜಿ ಇದ್ದ, ದೊಡ್ಡ ಕಥೆಗಾರ. ಅವನ ಹೆಂಡತಿ ಆನ್ಸ್ಟಿ. ಅವನು ಕಥೆ ಹೇಳುತ್ತಿದ್ದರೆ ಅವಳು ನಡುವೆ ಬಾಯಿ ಹಾಕಿ ಮೊಟಕುತ್ತಿದ್ದಳು. ಅವರ ಒಲೆಯ ಮುಂದೆ ಕೂತು ಕೇಳಿದ ಎರಿಕ್ ಕ್ರಾಸ್ ಅದನ್ನು ಪುಸ್ತಕ ಮಾಡಿದರು. 1942ರಲ್ಲಿ ಬಂತು. ಶೀರ್ಷಿಕೆಯಲ್ಲೇ ಗಂಡ ಹೆಂಡತಿ ಇಬ್ಬರೂ ಇದ್ದಾರೆ. ಮಾತು ಒರಟು ಅಂತ ಸರ್ಕಾರ ಅದನ್ನು ನಿಷೇಧಿಸಿತು. ಪಾದ್ರಿಗಳು ಮನೆಗೇ ಬಂದು ಮುದುಕನ ಕೈಯಿಂದಲೇ ಅವನ ಪ್ರತಿಯನ್ನು ಒಲೆಗೆ ಹಾಕಿಸಿದರು. ಆ ಗಂಡ ಹೆಂಡತಿಯ ಸಮಾಧಿಕಲ್ಲು ಕೆತ್ತಿದವರು ಅವರ ಗೆಳೆಯ ಷೇಮಸ್ ಮರ್ಫಿ. ಕಾರ್ಕ್ ಪಟ್ಟಣದಲ್ಲಿ ಕಲ್ಲು ಕೆತ್ತುವ ಅಂಗಳದಲ್ಲಿ ಹುಡುಗನಾಗಿ ಕೆಲಸ ಕಲಿತು ಮುಂದೆ ಹೆಸರಾಂತ ಶಿಲ್ಪಿ ಆದವರು. ಅದರ ಮೇಲೆ ಶೇಕ್ಸ್‌ಪಿಯರ್ ನಾಟಕದ ಒಂದು ಸಾಲು ಕೆತ್ತಿದರು: ನಕ್ಷತ್ರವೊಂದು ಕುಣಿಯಿತು, ಅದರ ಕೆಳಗೆ ನಾನು ಹುಟ್ಟಿದೆ. ಸಜ್ಜನ, ಸರಳ ಜೀವಿ ಅಂತ ಕೆತ್ತಲಿಲ್ಲ ನೋಡು.

ಅದೇ ಮರ್ಫಿ 1950ರಲ್ಲಿ ತಮ್ಮ ಜೊತೆ ಕೆಲಸ ಮಾಡಿದ ಕಲ್ಲುಕುಟಿಗರ ಬಗ್ಗೆ ಒಂದು ಪುಸ್ತಕ ತಂದರು. ಅವರ ಅಡ್ಡಹೆಸರು, ಜಗಳ, ಬಡಾಯಿ ಎಲ್ಲ ಅದರಲ್ಲಿದೆ. ಕಲ್ಲಿನ ಕಸುಬು ಮಾಡುವವರು ಮಾತಿನಲ್ಲೂ ಗಟ್ಟಿಗರು ಅಂತ ಕಾಣುತ್ತದೆ. ಐರ್ಲೆಂಡಿನ ಕಲ್ಲುಗಾರರು ಹೊರಗಿನವರಿಗೆ ತಿಳಿಯದ ಒಂದು ಗುಟ್ಟಿನ ಭಾಷೆಯನ್ನೇ ಕಟ್ಟಿಕೊಂಡಿದ್ದರು. ಬೇರ್ಲಗರ್ ನ ಸೇರ್ ಅಂತ ಅದಕ್ಕೆ ಹೆಸರು. ನಮ್ಮ ಮುದುಕರಿಗೆ ಅದರ ಒಂದೆರಡು ಪದವಾದರೂ ಬರುತ್ತಿತ್ತಾ? ಅವರ ಮಗಳನ್ನು ಕೇಳಿ ನೋಡು.

ಇನ್ನು ನಮ್ಮ ಮುದುಕರ ಮುತ್ತಜ್ಜನ ವಿಷಯ. 'ಬರಗಾಲದಲ್ಲಿ ಹಡಗು ಹತ್ತಿ ಬಂದು ಹೂಸಾಕ್ ಸುರಂಗ ಕೊರೆದವನು' ಅಂತ ನಡೆದದ್ದು ಅನ್ನುವ ಹಾಗೆ ಬರೆದಿದ್ದೀಯ. ಇರಬಹುದು. ಮ್ಯಾಸಚೂಸೆಟ್ಸ್‌ನ ಬೆಟ್ಟದೊಳಗಿನ ಆ ರೈಲು ಸುರಂಗದ ಕೆಲಸ 1851ರಲ್ಲಿ ಶುರುವಾಗಿ ಮೊದಲ ರೈಲು 1875ರಲ್ಲಿ ಓಡಿತು. ಸುಮಾರು ಏಳೂವರೆ ಕಿಲೋಮೀಟರ್ ಉದ್ದ. ಕೊರೆದವರಲ್ಲಿ ಐರಿಷರು ಬಹಳ, ಸತ್ತವರು ಇನ್ನೂರರ ಹತ್ತಿರ. ಆದರೆ ಈ ಮುತ್ತಜ್ಜ ಅಲ್ಲಿದ್ದನಾ? 1880ರ ಅಮೆರಿಕದ ಜನಗಣತಿ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದು. ಹೆಸರು, ಕಸುಬು, ಹುಟ್ಟಿದ ದೇಶ ಎಲ್ಲ ಇರುತ್ತದೆ. ಹುಡುಕು. ಸಿಕ್ಕರೆ ಬರಿ. ಸಿಗದಿದ್ದರೆ, 'ಅವರು ಹೀಗೆ ಹೇಳುತ್ತಿದ್ದರು' ಅಂತ ಬರಿ. ಕಥೆ ಹೇಳುವವರ ಬಾಯಲ್ಲಿ ಮುತ್ತಜ್ಜ ಸುರಂಗ ಕೊರೆದೇ ಕೊರೆಯುತ್ತಾನೆ, ಆ ಖುಷಿಯನ್ನು ಅವರಿಂದ ಕಿತ್ತುಕೊಳ್ಳಬೇಡ. ಅದನ್ನು ನೀನು ಸಾಕ್ಷಿ ಹೇಳಿದ ಹಾಗೆ ಬರೆಯಲೂ ಬೇಡ.

ಬರಗಾಲ ಅನ್ನುವ ಪದವನ್ನೂ ಅಷ್ಟು ಬೇಗ ದಾಟಬೇಡ. 1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಇನ್ನೊಂದು ಹತ್ತು ಲಕ್ಷ ಊರು ಬಿಟ್ಟರು. ಹೊಟ್ಟೆಗಿಲ್ಲದವರ ಕೈಯಲ್ಲಿ ಕಲ್ಲು ಒಡೆಸಿ, ರಸ್ತೆ ಹಾಕಿಸಿ, ಆಮೇಲೆ ಕೂಲಿ ಕೊಟ್ಟರು. ಎರಡನೇ ಮಧ್ಯಾಹ್ನ ಅವರು ಇದನ್ನು ಹೇಳಿದ್ದರು. "ನಮ್ಮ ಮನೆಯಲ್ಲಿ ಕಲ್ಲು ಕಲಿತದ್ದು ಹಸಿವಿನಿಂದ" ಅಂದು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಚೂರು ಕಲ್ಲು ಬಿಗಿಯುತ್ತಲೇ ಇದ್ದರು.

ಹಾಗಾಗಿ ಶವಸಂಸ್ಕಾರದಿಂದ ಶುರು ಮಾಡಬೇಡ. ಊರಿನ ಎಷ್ಟು ಜನ ಬಂದಿದ್ದರು ಅನ್ನುವುದನ್ನು ತೆಗೆದುಬಿಡು. ಬಕೆಟ್ಟಿನಿಂದ ಶುರು ಮಾಡು. ಒಂದೇ ಒಂದು ಕಥೆ ತಗೋ, ಅವರು ಎಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲೇ ನಿಲ್ಲಿಸು. ಅವರು ಹೇಳಿದ ಹಾಗೇ ಹೇಳಲು ಆಗುವುದಿಲ್ಲ, ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀನು ಕನ್ನಡದಲ್ಲಿ ಬರೆಯುತ್ತಿದ್ದೀಯ. ಆದರೆ ಆ ನಿಲ್ಲಿಸುವಿಕೆ ಯಾವ ಭಾಷೆಗೂ ಬರುತ್ತದೆ. ಮಗಳ ಮನೆಗೆ ಹೋಗು. ಲೆಕ್ಕದ ಪುಸ್ತಕ ಇದ್ದರೆ ಕೇಳಿ ನೋಡು, ಆ ತಾಯಿಯ ಕೈಬರಹ ಹೇಗಿದೆ ಅಂತ ನೋಡು. ಏನು ಬರೆದಿದ್ದಾರೋ ಅದರಲ್ಲಿ ಎರಡು ಸಾಲು ಹಾಗೇ ಇಳಿಸಿಕೋ.

ನಾನೂ ಕೈದಾಳದ ಆ ಹೆಂಗಸಿನ ಬಗ್ಗೆ ಬರೆಯಲು ಕೂತಿದ್ದೇನೆ. ಆರು ಪುಟ ಆಗಿದೆ, ಹುಡುಗನಿಗೆ ಇನ್ನೂ ನಾಲ್ಕು ವರ್ಷ. ನಿನ್ನದು ಬಂದಮೇಲೆ ನನ್ನದನ್ನೂ ಕಳಿಸುತ್ತೇನೆ.

ಹಿಮ ಕರಗಿದಮೇಲೆ ಹಿತ್ತಲಿಗೆ ಹೋಗಿ ಅವರು ಕಟ್ಟಿದ ಕಡೆ ನೋಡು. ಕಾಲು ಭಾಗ ಬಿಟ್ಟು, ಮೇಲಿನ ಸಾಲಿನಲ್ಲಿ ಆ ಚಪ್ಪಟೆ ಬೂದು ಕಲ್ಲು ಇಟ್ಟಿದ್ದರು. ಅದರ ಮೇಲೆ ಟೀ ಮಗ್ಗಿನ ಗುರುತು ಇನ್ನೂ ಇದೆಯಾ ಹೇಳು.

ನಿನ್ನ
ಅಕ್ಕ