ಹುರುಳಿ ಒಕ್ಕಿದ ಕೂಲಿ ಯಾರು ಕೊಡ್ತಾರೆ?

ಮಾನ್ಯರೇ,

ಮೈಸೂರು-ಮಾನಂದವಾಡಿ ರಸ್ತೆಯ ಮೇಲೆ ರೈತರು ಹುರುಳಿ, ರಾಗಿ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಕೊನೆಯಲ್ಲಿ, ರೈತರಿಗೆ ತಿಳಿವಳಿಕೆ ಹೇಳುತ್ತೇವೆ ಅಂತ ಅಧಿಕಾರಿಗಳು ಕೊಟ್ಟ ಉತ್ತರವನ್ನೂ ಓದಿದೆ. ಆ ಪೇಪರ್ ಇನ್ನೂ ರದ್ದಿಗೆ ಹೋಗಿಲ್ಲ, ಅಷ್ಟರಲ್ಲಿ ಅದೇ ಹುರುಳಿ ನನ್ನ ಕಾರಿಗೆ ಸುತ್ತಿಕೊಂಡಿತು.

ತಂದೆಯವರ ವರ್ಷದ ಕಾರ್ಯಕ್ಕೆ ಕೇರಳದ ತಿರುನೆಲ್ಲಿಗೆ ಹೊರಟಿದ್ದೆವು. ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಅಲ್ಲಿನ ಪಾಪನಾಶಿನಿ ತೊರೆಯಲ್ಲಿ ಪಿಂಡ ಬಿಡುವುದು ಅಂತ ಮಾತಾಗಿತ್ತು. ಜೊತೆಯಲ್ಲಿ ಮಂಡಿನೋವಿನ ಅಮ್ಮ. ಊಟ ಮುಗಿಸಿ ಶ್ರೀರಾಂಪುರ ಬಿಟ್ಟರೆ ಸಂಜೆ ಆರಕ್ಕೆ ಕಾಡಿನ ಗೇಟು ಹಾಕುವ ಮುಂಚೆ ಗಡಿಯ ಬಾವಲಿ ದಾಟಲು ಧಾರಾಳ ಸಮಯ. ಹಂಪಾಪುರದವರೆಗೆ ಎಲ್ಲ ಸರಿಯಾಗೇ ಇತ್ತು. ಆಮೇಲೆ ಅರ್ಧ ರಸ್ತೆ ಹುರುಳಿ, ಇನ್ನರ್ಧ ರಾಗಿ ತೆನೆ. ಯಾರೂ ಪಕ್ಕಕ್ಕೆ ತಪ್ಪಿಸಿಕೊಂಡು ಹೋಗಬಾರದು ಅಂತ ಸಾಲಾಗಿ ದಪ್ಪ ಕಲ್ಲು, ಅದರ ಮೇಲೆ ಮುಳ್ಳಿನ ಕೊಂಬೆ. ಅಂದರೆ ತುಳಿದೇ ಹೋಗಬೇಕು. ಪೆಟ್ರೋಲ್ ನಮ್ಮದು, ಟೈರು ನಮ್ಮದು, ಒಕ್ಕಣೆ ಅವರದ್ದು.

ಹ್ಯಾಂಡ್‌ಪೋಸ್ಟ್ ದಾಟಿ ಸ್ವಲ್ಪ ದೂರ ಹೋಗಿಲ್ಲ, ಸುಟ್ಟ ವಾಸನೆ. ಬಾನೆಟ್ ಎತ್ತಿದರೆ ಏನೂ ಕಾಣಲಿಲ್ಲ. ಬಗ್ಗಿ ನೋಡಿದರೆ ಮುಂದಿನ ಆಕ್ಸೆಲ್‌ಗೆ ಹುರುಳಿ ಬಳ್ಳಿ ಹೊಸೆದ ಹಗ್ಗದ ಹಾಗೆ ಬಿಗಿದುಕೊಂಡಿದೆ. ಒಂದಿಷ್ಟು ಸೊಪ್ಪು ಸೈಲೆನ್ಸರ್ ಪೈಪಿಗೆ ತಗುಲಿ ಕಪ್ಪಾಗಿ ಹೊಗೆಯಾಡುತ್ತಿದೆ. ಅಮ್ಮನನ್ನು ಇಳಿಸಿ, ಕುಡಿಯೋ ನೀರೆಲ್ಲ ಅದರ ಮೇಲೆ ಸುರಿದೆ. ಹೀಗೇ ಸುತ್ತಿಕೊಂಡು ಕಾರೇ ಹೊತ್ತಿ ಉರಿದ ಸುದ್ದಿಯನ್ನು ನೀವೇ ಎಷ್ಟು ಸಲ ಹಾಕಿಲ್ಲ? ಆಮೇಲೆ ಹೊಲದಲ್ಲಿದ್ದ ಹೆಂಗಸೊಬ್ಬರ ಹತ್ತಿರ ಕುಡುಗೋಲು ಇಸ್ಕೊಂಡು, ಕಾರ್ಯಕ್ಕೆ ಅಂತ ತಂದಿದ್ದ ಹೊಸ ಟವೆಲ್ ಹಾಸಿ ಕಾರಿನಡಿ ಮಲಗಿದೆ. ಕುಯ್ದಷ್ಟೂ ಬರುತ್ತಲೇ ಇತ್ತು. ಕಣ್ಣಿಗೆಲ್ಲ ಹೊಟ್ಟು, ಷರ್ಟಿನೊಳಗೆ ಹುರುಳಿಕಾಳು. ಸಾರಿಗಾಗುವಷ್ಟು ಸಿಕ್ಕಿತು, ಅದನ್ನೇ ಕೂಲಿ ಅಂದುಕೊಳ್ಳಬೇಕು.

ಹುರುಳಿಯ ಯಜಮಾನರು ನಿಂತು ನೋಡುತ್ತಿದ್ದರು. “ವಸಿ ನಿಧಾನ್ಕೆ ಬಂದಿದ್ರೆ ಇದೇನೂ ಆಯ್ತಿರ್ನಿಲ್ಲ ಸಾ” ಅಂದರು. ಕಣದಲ್ಲಿ ಒಕ್ಕೋಕೆ ಏನು ಕಷ್ಟ ಅಂದೆ. “ಕಣ ಎಲ್ಲದೆ ಸಾ? ಅಲ್ಲಿ ನಮ್ ಅಣ್ತಮ್ಮಂದ್ರು ಮನೆ ಕಟ್ಕಂಡವ್ರೆ” ಅಂದರು. ಅದೂ ನಿಜವೇ. ಸಗಣಿ ಸಾರಿಸಿದ ಕಣ, ರೋಣುಗಲ್ಲು, ಎತ್ತು ಯಾವುದೂ ಈಗಿಲ್ಲ. ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಕೊಡಲು ಅವಕಾಶ ಇತ್ತು ಅಲ್ವಾ? ಎಲ್ಲಿ ಕಟ್ಟಿದ್ದಾರೋ, ರಸ್ತೆ ಪಕ್ಕದಲ್ಲಂತೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅಂತರಸಂತೆ ದಾಟಿ ಕಾಡಿನ ಗೇಟಿಗೆ ಬಂದಾಗ ಗೇಟು ಬಿದ್ದಿತ್ತು. ಆರು ಗಂಟೆ ಅಂದರೆ ಆರು ಗಂಟೆ, ಬೆಳಿಗ್ಗೆ ಆರಕ್ಕೇ ಬಾಗಿಲು. ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲ. ಆನೆ, ಜಿಂಕೆ ದಾಟುವ ಜಾಗ, ಇರಲಿ. ಬಂಡೀಪುರದಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೀಗೇ ಮುಚ್ಚುತ್ತಾರೆ. ಆದರೆ ಕಾಡಿನಲ್ಲಿ ನಿಮಿಷದ ಲೆಕ್ಕ ಇಡುವ ಸರ್ಕಾರಕ್ಕೆ, ಅದೇ ರಸ್ತೆಯಲ್ಲಿ ಹೊಲಗಳ ನಡುವೆ ವಾರಗಟ್ಟಲೆ ಕಲ್ಲು ಬಿದ್ದಿರುವುದು ಕಾಣಲ್ಲವೇ?

ಗೇಟಿನವರು ಪಾಪ ಒಳ್ಳೆಯ ಮಾತಲ್ಲೇ, ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿಕೊಂಡು ಹೋಗಿ ಅಂದರು. ಆ ಹೊತ್ತಿನಲ್ಲಿ, ಆ ಅಮ್ಮನನ್ನು ಕೂರಿಸಿಕೊಂಡು! ಅಲ್ಲೇ ಎಲ್ಲಾದರೂ ಉಳಿಯೋಣ ಅಂದರೆ ಕಾರಾಪುರದ ಸುತ್ತ ಇರುವುದು ಸಫಾರಿಗೆ ಬರುವವರ ರೆಸಾರ್ಟ್. ಒಂದು ರಾತ್ರಿಯ ಬಾಡಿಗೆ ಕೇಳಿದರೆ ನನ್ನ ಪಿಂಚಣಿಗೆ ಚಳಿಜ್ವರ ಬರುತ್ತದೆ. ಕತ್ತಲಲ್ಲಿ ಅದೇ ಕಲ್ಲುಗಳನ್ನು ತಪ್ಪಿಸಿಕೊಂಡು ಮೈಸೂರಿಗೆ ವಾಪಸ್ ಬಂದೆವು. ಮಾರನೇ ದಿನ ಕಾರ್ಯ ಪಶ್ಚಿಮವಾಹಿನಿಯಲ್ಲಿ ಮುಗಿಯಿತು. ಅಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ವಕೀಲಿ ಮಾಡುವ ನಮ್ಮ ಅಣ್ಣನ ಮಗ ಹೇಳಿದ, ದಾರಿಗೆ ಅಡ್ಡಿ ಮಾಡಿದರೆ ಹಳೇ ಐಪಿಸಿ 283ರಲ್ಲಿ 200 ರೂಪಾಯಿವರೆಗೆ ದಂಡ ಇತ್ತಂತೆ. 2024ರ ಜುಲೈನಲ್ಲಿ ಬಂದ ನ್ಯಾಯ ಸಂಹಿತೆಯ 285ರಲ್ಲಿ ಅದು 5,000ದವರೆಗೆ ಏರಿದೆಯಂತೆ. ಸಂತೋಷ. ದಂಡ ಬೆಳೆಯಿತು, ಹಾಕುವ ಕೈ ಎಲ್ಲಿದೆ? ಹೆಲ್ಮೆಟ್ ಇಲ್ಲದ ಬಡಪಾಯಿಯನ್ನು ಮರದ ಮರೆಯಲ್ಲಿ ನಿಂತು ಹಿಡಿಯುವವರಿಗೆ, ಅರ್ಧ ಕಿಲೋಮೀಟರ್ ಉದ್ದದ ಹುರುಳಿ ಕಾಣಲ್ಲ.

ಇದೊಂದೇ ಅಲ್ಲ. ಈ ರಸ್ತೆಯ ಹಂಪುಗಳನ್ನು ಯಾವ ಪುಣ್ಯಾತ್ಮರು ಹಾಕಿಸಿದರೋ, ಊರಿಗೊಂದು ಎತ್ತರ, ಒಂದಕ್ಕೂ ಬಣ್ಣವಿಲ್ಲ. ಈ ಬಗ್ಗೆ ಹಿಂದೆ ಅರ್ಜಿ ಕೊಟ್ಟಿದ್ದೆ. ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಒಂದು ಕಚೇರಿ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂತ ಇನ್ನೊಂದು. ಆ ಮೀಟಿಂಗ್ ಇನ್ನೂ ಮುಗಿದಂತಿಲ್ಲ. ಕಬಿನಿಗೆ ಬಾಗಿನ ಕೊಡಲು ದೊಡ್ಡವರು ಬರುತ್ತಾರೆ ಅಂದರೆ ಮಾತ್ರ ಗುಂಡಿಗಳು ರಾತ್ರೋರಾತ್ರಿ ಮುಚ್ಚಿಕೊಳ್ಳುತ್ತವೆ. ಹುರುಳಿ ಕಾಲದಲ್ಲೂ ಒಂದು ಬಾಗಿನ ಇಟ್ಟುಕೊಳ್ಳಿ ಸ್ವಾಮಿ!

ಒಂದೋ ಊರಿಗೊಂದು ಕಣ ಕಟ್ಟಿಕೊಡಿ, ಇಲ್ಲ ರಸ್ತೆಗೆ ಸುರಿದವರಿಗೆ ದಂಡ ಹಾಕಿ. ಎರಡೂ ಆಗಲ್ಲ ಅಂದರೆ ಕಲ್ಲನ್ನಾದರೂ ಎತ್ತಿಸಿ. ಸಂಬಳ ತಗೊಳ್ಳುವುದು ಯಾತಕ್ಕೆ? ಹಾಗೇ ಆ ಹಂಪುಗಳಿಗೆ ಒಂದು ಡಬ್ಬ ಬಿಳಿ ಬಣ್ಣ ಬಳಿಸಿ. ಅದಕ್ಕೂ ಟೆಂಡರ್ ಕರೆಯಬೇಕೇ?

– ನೊಂದ ಓದುಗ, ಶ್ರೀರಾಂಪುರ, ಮೈಸೂರು